ಅಲೆಮಾರಿ ನರ ತಂದ ಸುದ್ದಿ

ಜೋಸೆಫ್ ಬ್ರಾಯರ್ ಅನ್ನೋ ಹೆಸರನ್ನು ನೀವು ಎಲ್ಲಾದರೂ ಕೇಳಿದ್ದರೆ ಫ್ರಾಯ್ಡ್ ಹೆಸರಿನ ಜೊತೆಗೇ ಕೇಳಿರುತ್ತೀರಿ. 1895ರಲ್ಲಿ ಇಬ್ಬರೂ ಸೇರಿ ಹಿಸ್ಟೀರಿಯಾ ಬಗ್ಗೆ ಒಂದು ಪುಸ್ತಕ ಬರೆದರು, ಅದರಲ್ಲಿ 'ಅನ್ನಾ ಓ' ಅನ್ನೋ ಹೆಂಗಸಿನ ಕಥೆ ಬರುತ್ತೆ, ಮನೋವಿಶ್ಲೇಷಣೆಯ ಬೇರು ಅಲ್ಲಿದೆ ಅಂತಾರೆ, ಆಮೇಲೆ ಇಬ್ಬರಿಗೂ ಆಗಿಬರಲಿಲ್ಲ. ಸಾಮಾನ್ಯವಾಗಿ ಕಥೆ ಇಷ್ಟಕ್ಕೆ ಮುಗಿಯುತ್ತೆ. ಆದರೆ ಈ ಮನುಷ್ಯ ಅದಕ್ಕೂ 27 ವರ್ಷ ಮುಂಚೆ, ಇನ್ನೂ 26ರ ಹುಡುಗನಾಗಿದ್ದಾಗ, ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದಾದ ಒಂದು ಕೆಲಸ ಮಾಡಿದ್ದ. ನೀವು ಈ ಸಾಲು ಓದುತ್ತಾ ಒಳಗೆ ಎಳೆದುಕೊಳ್ತಿರೋ ಉಸಿರು ಎಲ್ಲಿ ನಿಂತು ಹಿಂದಕ್ಕೆ ತಿರುಗಬೇಕು ಅಂತ ತೀರ್ಮಾನ ಮಾಡೋರು ಯಾರು? ಈ ಪ್ರಶ್ನೆಗೆ ಅವನು ಒಂದು ಉತ್ತರ ಕಂಡುಹಿಡಿದ.

ನಮ್ಮ ಆಫೀಸಿನಲ್ಲಿ ತಿಂಗಳಿಗೊಂದು ಸಲ ವೆಲ್‌ನೆಸ್ ಸೆಷನ್ ಇರುತ್ತೆ. ನಿಮ್ಮಲ್ಲೂ ಇರಬಹುದು. ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ, 'ನಿಮ್ಮ ಉಸಿರನ್ನ ನೀವೇ ಕಂಟ್ರೋಲ್ ಮಾಡಿ' ಅಂತ ಮೆಲುದನಿಯಲ್ಲಿ ಹೇಳ್ತಾರೆ. ಹತ್ತು ನಿಮಿಷ ಚೆನ್ನಾಗಿರುತ್ತೆ, ನಾನೇನೂ ಆಡಿಕೊಳ್ತಿಲ್ಲ. ಆದರೆ ಪ್ರತಿ ಸಲವೂ ನನಗೆ ಅನ್ನಿಸೋದು, ಕಂಟ್ರೋಲ್ ಅನ್ನೋ ಪದ ಉಸಿರಿನ ವಿಷಯದಲ್ಲಿ ಎಷ್ಟು ಏಕಮುಖವಾಗಿ ಬಳಕೆಯಾಗುತ್ತೆ ಅಂತ. ಮೇಲೆ ಮಿದುಳು ಅನ್ನೋ ಮ್ಯಾನೇಜರು, ಕೆಳಗೆ ಶ್ವಾಸಕೋಶ ಅನ್ನೋ ಕೂಲಿಯಾಳು. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದವರೆಗೆ ವಿಜ್ಞಾನವೂ ಹೆಚ್ಚುಕಡಿಮೆ ಹೀಗೇ ಯೋಚಿಸ್ತಿತ್ತು.

ಕತ್ತಿನ ಮೇಲ್ಭಾಗದಲ್ಲಿ ಬೆನ್ನುಹುರಿ ಕತ್ತರಿಸಿದರೆ ಉಸಿರು ನಿಂತುಹೋಗುತ್ತೆ ಅಂತ ಗೇಲನ್‌ನ ಕಾಲದಿಂದಲೂ ಗೊತ್ತಿತ್ತು. 1812ರ ಹೊತ್ತಿಗೆ ಫ್ರಾನ್ಸಿನ ಲೆಗಲ್ವಾ ಮೊಲಗಳ ಮಿದುಳನ್ನು ಮೇಲಿನಿಂದ ಸ್ವಲ್ಪಸ್ವಲ್ಪವೇ ತೆಗೆಯುತ್ತಾ ಹೋಗಿ, ಎಲ್ಲಿಯವರೆಗೆ ತೆಗೆದರೂ ಉಸಿರು ನಡೆಯುತ್ತೆ, ಯಾವ ಜಾಗ ಮುಟ್ಟಿದ ಕೂಡಲೇ ನಿಲ್ಲುತ್ತೆ ಅಂತ ತೋರಿಸಿದ್ದ. ಆ ಜಾಗ ಮಿದುಳಿನ ಬುಡದಲ್ಲಿ, ವೇಗಸ್ ಅನ್ನೋ ನರ ಹೊರಡುವ ಹತ್ತಿರ ಇತ್ತು. ಸರಿ, ಆಜ್ಞೆ ಹೊರಡೋ ಕಚೇರಿ ಸಿಕ್ಕಿತು. ಅಲ್ಲಿಗೆ ಬರೋ ಪತ್ರಗಳ ಬಗ್ಗೆ ಹೆಚ್ಚು ಜನ ತಲೆ ಕೆಡಿಸಿಕೊಂಡಿರಲಿಲ್ಲ.

ವೇಗಸ್ ಅಂದರೆ ಲ್ಯಾಟಿನ್‌ನಲ್ಲಿ ಅಲೆಮಾರಿ. ಹೆಸರಿಗೆ ತಕ್ಕ ಹಾಗೆ ಅದು ತಲೆಬುರುಡೆಯಿಂದ ಹೊರಟು ಕತ್ತು, ಹೃದಯ, ಶ್ವಾಸಕೋಶ, ಹೊಟ್ಟೆ ಎಲ್ಲ ಸುತ್ತಿ ಬರುತ್ತೆ. ಇದರ ಎಳೆಗಳಲ್ಲಿ ಹೆಚ್ಚಿನ ಪಾಲು, ಸುಮಾರು ಐದರಲ್ಲಿ ನಾಲ್ಕು, ಆಜ್ಞೆ ಒಯ್ಯುವ ಎಳೆಗಳಲ್ಲ. ಅವು ಒಳಗಿನ ಅಂಗಗಳಿಂದ ಮಿದುಳಿಗೆ ಸುದ್ದಿ ತರುವ ಸಂವೇದನಾ ಎಳೆಗಳು. ಬ್ರಾಯರ್ ಕೈಹಾಕಿದ್ದು ಇದಕ್ಕೇ.

1868, ವಿಯೆನ್ನಾ. ಅಲ್ಲಿನ ಮಿಲಿಟರಿ ವೈದ್ಯಕೀಯ ಶಾಲೆಯಲ್ಲಿ ಎವಾಲ್ಡ್ ಹೆರಿಂಗ್ ಅನ್ನೋ ಪ್ರೊಫೆಸರ್ ಇದ್ದರು. ಬ್ರಾಯರ್ ಬೇರೆ ಕಡೆ ಆಸ್ಪತ್ರೆಯಲ್ಲಿ ಅಸಿಸ್ಟೆಂಟ್, ಹೆರಿಂಗ್ ಅವರ ಲ್ಯಾಬಿಗೆ ಬಂದು ಪ್ರಯೋಗ ಮಾಡ್ತಿದ್ದ. ಪ್ರಯೋಗ ಕೇಳೋಕೆ ತೀರಾ ಸರಳ. ಅರಿವಳಿಕೆ ಕೊಟ್ಟ ಪ್ರಾಣಿಯ ಶ್ವಾಸಕೋಶವನ್ನು ಉಬ್ಬಿಸಿ ಹಾಗೇ ಹಿಡಿದಿಟ್ಟರೆ, ಮುಂದಿನ ಉಸಿರು ಒಳಗೆಳೆದುಕೊಳ್ಳುವ ಪ್ರಯತ್ನವೇ ನಿಂತುಬಿಡುತ್ತೆ, ಬಹಳ ಹೊತ್ತು ಬರೋದೇ ಇಲ್ಲ. ಗಾಳಿ ಹೊರಗೆ ತೆಗೆದು ಕುಗ್ಗಿಸಿದರೆ ತಕ್ಷಣ ಒಳಗೆಳೆಯೋಕೆ ಶುರು. ಈಗ ಎರಡೂ ಕಡೆಯ ವೇಗಸ್ ನರ ಕತ್ತರಿಸಿ ಅದೇ ಪ್ರಯೋಗ ಮಾಡಿದರೆ? ಏನೂ ಆಗಲ್ಲ. ಉಬ್ಬಿಸಿದರೂ ಒಂದೇ, ಕುಗ್ಗಿಸಿದರೂ ಒಂದೇ. ಪ್ರಾಣಿ ನಿಧಾನವಾಗಿ, ಆಳವಾಗಿ, ಸುದ್ದಿ ಬಾರದ ಊರಿನ ಹಾಗೆ ತನ್ನ ಪಾಡಿಗೆ ತಾನು ಉಸಿರಾಡ್ತಾ ಇರುತ್ತೆ.

ಅಂದರೆ ಶ್ವಾಸಕೋಶ ತಾನು ಎಷ್ಟು ಉಬ್ಬಿದ್ದೇನೆ ಅಂತ ಕ್ಷಣಕ್ಷಣವೂ ಮೇಲಕ್ಕೆ ಹೇಳ್ತಿದೆ. 'ಸಾಕು' ಅನ್ನೋ ಮಾತು ಕೆಳಗಿನಿಂದ ಹೋಗುತ್ತೆ, ಆಗ ಮಿದುಳಿನ ಬುಡ ಎಳೆಯೋದನ್ನ ನಿಲ್ಲಿಸುತ್ತೆ. ಹೆರಿಂಗ್ ಮತ್ತು ಬ್ರಾಯರ್ ಇದಕ್ಕೆ ಕೊಟ್ಟ ಹೆಸರು, ವೇಗಸ್ ನರದ ಮೂಲಕ ಉಸಿರಾಟದ ಸ್ವ-ನಿಯಂತ್ರಣ. ಇಂಜಿನಿಯರಿಂಗ್ ಓದಿದವರು ಒಂದು ನಿಮಿಷ ನಿಲ್ಲಿ. ಅದೇ 1868ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 'ಗವರ್ನರ್'ಗಳ ಬಗ್ಗೆ, ಅಂದರೆ ಉಗಿಯಂತ್ರ ತನ್ನ ವೇಗವನ್ನ ತಾನೇ ಹದ್ದುಬಸ್ತಿನಲ್ಲಿಡೋ ವ್ಯವಸ್ಥೆಯ ಬಗ್ಗೆ ಲೇಖನ ಪ್ರಕಟಿಸಿದರು. ಕಂಟ್ರೋಲ್ ಥಿಯರಿ ಕ್ಲಾಸು ಅಲ್ಲಿಂದ ಶುರುವಾಗುತ್ತೆ. ಫೀಡ್‌ಬ್ಯಾಕ್ ಅನ್ನೋ ಪದ ಆ ಅರ್ಥದಲ್ಲಿ ಇನ್ನೂ ಹುಟ್ಟಿರಲಿಲ್ಲ, ಆದರೆ ಒಂದೇ ವರ್ಷದಲ್ಲಿ ಒಬ್ಬರು ಅದನ್ನ ಕಬ್ಬಿಣದಲ್ಲಿ, ಇನ್ನಿಬ್ಬರು ಮಾಂಸದಲ್ಲಿ ಹಿಡಿದರು.

ಬ್ರಾಯರ್ ಆಮೇಲೆ ಪ್ರೊಫೆಸರ್ ಆಗಲೇ ಇಲ್ಲ. ವಿಯೆನ್ನಾದಲ್ಲಿ ಪ್ರಾಕ್ಟೀಸ್ ಇಟ್ಟುಕೊಂಡ, ಸಂಗೀತಗಾರ ಬ್ರಾಮ್ಸ್ ಕೂಡ ಅವನ ಪೇಷೆಂಟು. ಮನೆಯಲ್ಲೇ ಪಾರಿವಾಳಗಳನ್ನ ಇಟ್ಟುಕೊಂಡು ಒಳಗಿವಿ ನಮ್ಮ ಸಮತೋಲನ ಕಾಯುವ ಬಗೆಯನ್ನೂ ಬಿಡಿಸಿದ. ಒಬ್ಬ ಜನರಲ್ ಪ್ರಾಕ್ಟೀಷನರ್, ಬಿಡುವಿನಲ್ಲಿ, ದೇಹದ ಎರಡು ದೊಡ್ಡ ಒಳಸುದ್ದಿಗಳನ್ನು ಕಂಡುಹಿಡಿದು, ಕೊನೆಗೆ ನೆನಪಾಗೋದು ಫ್ರಾಯ್ಡ್ ಸ್ನೇಹಿತ ಅಂತ. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಮುಂದಿನ ಐವತ್ತು ವರ್ಷ ಬೇಗ ದಾಟಿಬಿಡೋಣ. 1905ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಮತ್ತು ಪ್ರೀಸ್ಟ್‌ಲಿ, ಉಸಿರಿನ ವೇಗವನ್ನ ಮುಖ್ಯವಾಗಿ ನಿರ್ಧರಿಸೋದು ಆಕ್ಸಿಜನ್ ಅಲ್ಲ, ಕಾರ್ಬನ್ ಡೈಆಕ್ಸೈಡ್ ಅಂತ ತೋರಿಸಿದರು. ಉಸಿರು ಬಿಗಿಹಿಡಿದಾಗ ಎದೆಯೊಳಗೆ ಆಗೋ ಒದ್ದಾಟ ಬಹುಮಟ್ಟಿಗೆ ಅದರದ್ದೇ. (ಅದಕ್ಕೇ ನೀರಿಗೆ ಧುಮುಕೋ ಮುಂಚೆ ಜೋರುಜೋರಾಗಿ ಉಸಿರಾಡಬೇಡಿ ಅನ್ನೋದು. ಕಾರ್ಬನ್ ಡೈಆಕ್ಸೈಡ್ ಎಲ್ಲ ಹೊರಗೆ ಹೋಗಿ, ಎಚ್ಚರಿಕೆ ಗಂಟೆ ಬಡಿಯೋದಕ್ಕಿಂತ ಮೊದಲೇ ಆಕ್ಸಿಜನ್ ಮುಗಿದು ಪ್ರಜ್ಞೆ ತಪ್ಪುತ್ತೆ. ವೀಕೆಂಡ್ ರೆಸಾರ್ಟಿನ ಈಜುಕೊಳದಲ್ಲಿ ಪಂದ್ಯ ಕಟ್ಟೋರು ಇದನ್ನ ದಯವಿಟ್ಟು ಎರಡು ಸಲ ಓದಿ.)

ಹಾಗಾದರೆ ಆಕ್ಸಿಜನ್ ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತೆ? ಕತ್ತಿನ ಎರಡೂ ಬದಿಯಲ್ಲಿ, ಕೆರೋಟಿಡ್ ರಕ್ತನಾಳ ಕವಲೊಡೆಯೋ ಜಾಗದಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಗಂಟಿದೆ. ಮ್ಯಾಡ್ರಿಡ್‌ನಲ್ಲಿ ಮಹಾನ್ ನರವಿಜ್ಞಾನಿ ಕಹಾಲ್ ಅವರ ಶಿಷ್ಯ ಫರ್ನಾಂಡೊ ಡಿ ಕಾಸ್ಟ್ರೊ 1926 ಮತ್ತು 1928ರಲ್ಲಿ ಅದರ ನರಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ರಕ್ತದ ರುಚಿ ನೋಡೋ ಅಂಗ ಇರಬೇಕು ಅಂದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಲ್ಜಿಯಂನ ಕಾರ್ನೆಲ್ ಹೇಮನ್ಸ್ ತನ್ನ ಅಪ್ಪನ ಜೊತೆ ಸೇರಿ ಒಂದು ಪ್ರಯೋಗ ಮಾಡಿದ್ದರು. ಓದಿದರೆ ಹೊಟ್ಟೆ ತೊಳಸುತ್ತೆ. ಒಂದು ನಾಯಿಯ ತಲೆ ಅದರ ಮುಂಡಕ್ಕೆ ಬರೀ ನರಗಳಿಂದ ಅಂಟಿಕೊಂಡಿದೆ, ಆ ತಲೆಗೆ ರಕ್ತ ಬರೋದು ಇನ್ನೊಂದು ನಾಯಿಯಿಂದ. ಮುಂಡಕ್ಕೆ ಉಸಿರುಗಟ್ಟಿಸಿದರೆ, ತಲೆಗೆ ಒಳ್ಳೇ ರಕ್ತ ಬರ್ತಿದ್ದರೂ ಅದು ಉಸಿರಾಟದ ಪ್ರಯತ್ನ ಜೋರು ಮಾಡ್ತಿತ್ತು. ಸುದ್ದಿ ನರದಲ್ಲೇ ಹೋಗ್ತಿದೆ ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ, ಆದರೂ ಇಂಥದ್ದನ್ನ ಇವತ್ತು ಯಾರೂ ಮಾಡೋಕೆ ಬಿಡಲ್ಲ, ಬಿಡಲೂಬಾರದು. ಮುಂದೆ ಹೇಮನ್ಸ್ ಕತ್ತಿನ ಆ ಗಂಟಿನ ಕೆಲಸವನ್ನೂ ಪ್ರಯೋಗದಲ್ಲಿ ಸಾಧಿಸಿ ತೋರಿಸಿದರು. 1938ರ ನೊಬೆಲ್ ಅವರೊಬ್ಬರಿಗೇ ಬಂತು. ಡಿ ಕಾಸ್ಟ್ರೊ ಅವರ ಸ್ಪೇನ್ ಅಂತರ್ಯುದ್ಧದಲ್ಲಿ ನುಚ್ಚುನೂರಾಗಿತ್ತು, ಗುರು ಕಹಾಲ್ 1934ರಲ್ಲೇ ತೀರಿಕೊಂಡಿದ್ದರು. ಪರವಾಗಿ ಮಾತಾಡೋರು ಬೇಕಲ್ಲ.

ಈ ಅಕ್ಕಿಕಾಳಿನ ಒಂದು ಸ್ವಭಾವ ನಮಗೆಲ್ಲ 2020-21ರಲ್ಲಿ ಪರಿಚಯವಾಯಿತು. ಆಕ್ಸಿಜನ್ ಸ್ವಲ್ಪ ಕಡಿಮೆಯಾದರೆ ಅದು ಅಷ್ಟಾಗಿ ಕೂಗಾಡಲ್ಲ. ಆಕ್ಸಿಮೀಟರ್ ಲೆಕ್ಕದಲ್ಲಿ 90ರ ಆಸುಪಾಸಿಗೆ ಇಳಿದ ಮೇಲೇ ಅದರ ದನಿ ಏರೋದು. ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ಹೊರಹೋಗ್ತಿದ್ದರೆ ಆ ದನಿಯೂ ಮೆತ್ತಗೆ. ಕೋವಿಡ್‌ನಲ್ಲಿ ರೀಡಿಂಗ್ 80ರ ಹತ್ತಿರ ಇದ್ದರೂ ಕೆಲವರು ಆರಾಮಾಗಿ ಫೋನಿನಲ್ಲಿ ಮಾತಾಡ್ತಿದ್ದರು ಅಂತ ಡಾಕ್ಟರುಗಳು ಬೆರಗಾಗಿ ಹೇಳ್ತಿದ್ದರಲ್ಲ, ಅದಕ್ಕೆ ಕೊಡೋ ವಿವರಣೆಗಳಲ್ಲಿ ಇದೂ ಒಂದು. ಆ ತಿಂಗಳುಗಳಲ್ಲಿ ನಾವೆಲ್ಲ ಒಂದು ಪಾಠ ಕಲಿತೆವು: ನಿನಗೆ ಹೇಗನ್ನಿಸ್ತಿದೆ ಅನ್ನೋದನ್ನ ನಂಬಬೇಡ, ಬೆರಳಿಗೆ ಸಿಕ್ಕಿಸಿದ ಮೆಷಿನ್ ನಂಬು. ಆಗ ಅದು ಸರಿಯೇ. ಆದರೆ ಪಾಠದ ಇನ್ನರ್ಧವೂ ಇದೆ. ಅದನ್ನ ಬರೆದವರು ನಮ್ಮ ದೇಶದವರು.

ಅವತಾರ್ ಸಿಂಗ್ ಪೈಂಟಲ್ ಹುಟ್ಟಿದ್ದು 1925ರಲ್ಲಿ, ಬರ್ಮಾದ ಮೊಗೊಕ್‌ನಲ್ಲಿ, ಮಾಣಿಕ್ಯಕ್ಕೆ ಹೆಸರಾದ ಊರು. (ಬ್ರಾಯರ್ ತೀರಿಕೊಂಡದ್ದೂ ಅದೇ ವರ್ಷ. ಇದಕ್ಕೇನೂ ಅರ್ಥ ಇಲ್ಲ, ಸುಮ್ಮನೆ ಹೇಳಿದೆ.) ಲಖನೌದಲ್ಲಿ ಎಂಬಿಬಿಎಸ್, ಆಮೇಲೆ ಎಡಿನ್‌ಬರೋದಲ್ಲಿ ಡೇವಿಡ್ ವಿಟೆರಿಜ್ ಅವರ ಬಳಿ ಪಿಎಚ್‌ಡಿ. ಹೋದಾಗ ಅವರ ಮುಂದಿದ್ದ ಸಮಸ್ಯೆ ಇದು. ಶ್ವಾಸಕೋಶ ಉಬ್ಬಿದಾಗ ವೇಗಸ್ ಎಳೆಗಳಲ್ಲಿ ಓಡೋ ವಿದ್ಯುತ್ ಮಿಡಿತಗಳನ್ನ 1933ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ದಾಖಲಿಸಿದ್ದರು, ಬ್ರಾಯರ್ ಊಹಿಸಿದ್ದನ್ನ ಕಿವಿಯಾರೆ ಕೇಳಿಸಿಕೊಂಡ ಹಾಗೆ. ಆದರೆ ಈ ನರದೊಳಗೆ ಸಾವಿರಾರು ಎಳೆಗಳು. ಸಂತೆಯಲ್ಲಿ ನಿಂತು ಒಬ್ಬನ ಪಿಸುಮಾತು ಕೇಳಿಸಿಕೊಳ್ಳಬೇಕು. ಪೈಂಟಲ್ ನರವನ್ನ ಲಿಕ್ವಿಡ್ ಪ್ಯಾರಫಿನ್‌ನಲ್ಲಿ ಮುಳುಗಿಸಿಟ್ಟು, ಎಳೆಯಿಂದ ಎಳೆ ಬಿಡಿಸುತ್ತಾ, ಒಂದೇ ಒಂದು ಎಳೆಯ ಮಾತು ಕೇಳೋ ಹಾಗೆ ಮಾಡೋ ಕೈಚಳಕ ರೂಢಿಸಿಕೊಂಡರು. ಆ ಒಂದು ಕುಶಲತೆ ಕೈಗೆ ಬಂದದ್ದೇ ತಡ, ಸಾಲುಸಾಲಾಗಿ ಸಿಕ್ಕವು: ಹೃದಯದ ಮೇಲುಕೋಣೆಗಳ ಸುದ್ದಿಗಾರರು, ಹೊಟ್ಟೆ ತುಂಬಿದೆ ಅಂತ ಹೇಳೋ ಸುದ್ದಿಗಾರರು. ನಾವು ಎರಡನೇ ಸಲ ಅನ್ನಸಾರು ಬಡಿಸಿಕೊಂಡು 'ಸಾಕಪ್ಪಾ' ಅನ್ನೋದರಲ್ಲಿ ಇವರದ್ದೂ ಒಂದು ಪಾಲಿದೆ ಅಂತ ತೋರಿಸಿದ್ದು ಅವರ 1954ರ ಲೇಖನ.

ಅಲ್ಲೇ ಇರಬಹುದಿತ್ತು. ವಾಪಸ್ ಬಂದರು. ಬಂದದ್ದು ಕಾನ್ಪುರದ ರಕ್ಷಣಾ ಇಲಾಖೆಯ ಒಂದು ಲ್ಯಾಬಿಗೆ. ಐವತ್ತರ ದಶಕದ ಕಾನ್ಪುರ, ಬೆಕ್ಕುಗಳು, ತೆಳು ಸೂಜಿಗಳು. ಅಲ್ಲಿ ಅವರಿಗೆ ಒಂದು ವಿಚಿತ್ರ ಬಗೆಯ ಎಳೆ ಸಿಕ್ಕಿತು. ತೀರಾ ತೆಳು, ಸುದ್ದಿ ಒಯ್ಯೋದೂ ನಿಧಾನ, ಮತ್ತು ಬ್ರಾಯರ್‌ನ ಎಳೆಗಳ ಹಾಗೆ ಪ್ರತಿ ಉಸಿರಿಗೂ ಮಾತಾಡೋದಿಲ್ಲ. ಹೆಚ್ಚಿನ ಹೊತ್ತು ಸುಮ್ಮನೆ ಇರುತ್ತೆ. ಶ್ವಾಸಕೋಶ ಕುಸಿದಾಗ ಅದು ಚುರುಕಾದದ್ದನ್ನ ನೋಡಿ, 1955ರಲ್ಲಿ ಅದಕ್ಕೆ ಕುಗ್ಗುವಿಕೆಯ ಸಂವೇದಕ ಅನ್ನೋ ಅರ್ಥದ ಹೆಸರಿಟ್ಟರು.

ಆದರೆ ಹೆಸರು ಒಪ್ಪುತ್ತಿರಲಿಲ್ಲ. ಇವು ಇರೋದಾದರೂ ಎಲ್ಲಿ? ಒಂದು ರಾಸಾಯನಿಕವನ್ನ ಹೃದಯದ ಬಲಭಾಗಕ್ಕೆ ಚುಚ್ಚಿದರೆ, ಎರಡು-ಮೂರು ಸೆಕೆಂಡಿನೊಳಗೆ ಈ ಎಳೆಗಳು ಸಿಡಿಯೋಕೆ ಶುರು ಮಾಡ್ತಿದ್ದವು. ಬಲಭಾಗದಿಂದ ಹೊರಟ ರಕ್ತ ಅಷ್ಟು ಹೊತ್ತಿಗೆ ತಲುಪೋದು ಶ್ವಾಸಕೋಶದ ಸಣ್ಣ ಲೋಮನಾಳಗಳನ್ನ. ಗಾಳಿಯ ಮೂಲಕ ಈಥರ್‌ನಂಥ ಅನಿಲ ಕೊಟ್ಟರೂ ಅಷ್ಟೇ ಬೇಗ ಪ್ರತಿಕ್ರಿಯೆ. ಅಂದರೆ ಇವು ಒಂದು ಕಡೆ ರಕ್ತಕ್ಕೂ ಇನ್ನೊಂದು ಕಡೆ ಗಾಳಿಗೂ ಹತ್ತಿರ, ಲೋಮನಾಳ ಮತ್ತು ಗಾಳಿಗೂಡಿನ ನಡುವಿನ ಆ ಕೂದಲೆಳೆಯಷ್ಟು ಸಂದಿಯಲ್ಲಿ ಕೂತಿರಬೇಕು. ನಿಲುಗಡಿಯಾರದಿಂದ ಮನೆ ವಿಳಾಸ ಪತ್ತೆ ಮಾಡಿದ ಹಾಗೆ.

ಅಲ್ಲಿ ಯಾಕೆ ಕೂತಿವೆ? ದೇಹ ಯಾರೋ ಚುಚ್ಚೋ ರಾಸಾಯನಿಕಕ್ಕೆ ಕಾಯ್ತಾ ಕಾವಲುಗಾರನ್ನ ಇಡಲ್ಲವಲ್ಲ. ಈ ಪ್ರಶ್ನೆಗೆ ಪೈಂಟಲ್ ಪೂರ್ತಿ ಉತ್ತರ ಕೊಡೋ ಹೊತ್ತಿಗೆ ಕಾನ್ಪುರ ದಾಟಿ, ದೆಹಲಿಯ ಏಮ್ಸ್ ದಾಟಿ, 1964ರಿಂದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. 1969ರ ಲೇಖನದಲ್ಲಿ ಉತ್ತರ ಬಂತು. ಹೃದಯದ ಎಡಭಾಗ ಸೋತಾಗ ರಕ್ತ ಶ್ವಾಸಕೋಶದಲ್ಲಿ ಹಿಂದೊತ್ತಿ ನಿಲ್ಲುತ್ತೆ. ಲೋಮನಾಳದಿಂದ ನೀರಿನಂಶ ಜಿನುಗಿ ಆ ಸಂದಿಯಲ್ಲಿ ಸೇರಿಕೊಳ್ಳುತ್ತೆ. ಆ ಜಿನುಗೇ ಇವನ್ನ ಎಬ್ಬಿಸೋದು. ಹಳೇ ಹೆಸರು ಕೈಬಿಟ್ಟು ಲೋಮನಾಳದ ಪಕ್ಕದವು ಅನ್ನೋ ಅರ್ಥದ ಇಂಗ್ಲಿಷ್ ಪದದ ಮೊದಲಕ್ಷರ ತೆಗೆದುಕೊಂಡು ಅವಕ್ಕೆ 'ಜೆ ರಿಸೆಪ್ಟರ್' ಅಂತ ಕರೆದರು. ಇವತ್ತಿಗೂ ಎಂಬಿಬಿಎಸ್ ಫಸ್ಟ್ ಇಯರ್ ಹುಡುಗರು ವೈವಾಗೆ ಇದನ್ನ ಉರುಹೊಡೀತಾರೆ, ಎಷ್ಟೋ ಜನಕ್ಕೆ ಅದು ಕಾನ್ಪುರದ್ದು ಅಂತ ಗೊತ್ತಿರಲ್ಲ. ಹೆರಿಂಗ್-ಬ್ರಾಯರ್ ಶೋಧಕ್ಕೆ ನೂರು ವರ್ಷ ತುಂಬಿದ ನೆನಪಿಗೆ ನಡೆದ ಲಂಡನ್ನಿನ ವಿಚಾರಸಂಕಿರಣದಲ್ಲೂ ಪೈಂಟಲ್ ಇದೇ ವಿಷಯ ಮಂಡಿಸಿದರು.

ಈ ಕಾವಲುಗಾರರು ಎದ್ದರೆ ಉಸಿರು ಚಿಕ್ಕದಾಗಿ, ವೇಗವಾಗಿ ಬರುತ್ತೆ. ಮನುಷ್ಯರಿಗೆ ಲೋಬೆಲಿನ್ ಅನ್ನೋ ವಸ್ತು ಚುಚ್ಚಿ ನೋಡಿದಾಗ ಅವರು ಹೇಳಿದ್ದು ಗಂಟಲಲ್ಲಿ, ಎದೆಯ ಮೇಲ್ಭಾಗದಲ್ಲಿ ಒತ್ತಿದ ಹಾಗೆ, ಉಸಿರುಕಟ್ಟಿದ ಹಾಗೆ, ಕೆಮ್ಮು. ಪೈಂಟಲ್ ಇನ್ನೂ ಮುಂದೆ ಹೋಗಿ, ಈ ಸುದ್ದಿ ಕಾಲಿನ ಸ್ನಾಯುಗಳನ್ನೂ ಸಡಿಲ ಮಾಡುತ್ತೆ, ಎತ್ತರದ ಜಾಗದಲ್ಲಿ ಅತಿಯಾಗಿ ದಣಿದವನನ್ನ ದೇಹ ತಾನೇ ಕೂರಿಸೋ ಉಪಾಯ ಇದು ಅಂದರು. ಮನುಷ್ಯರಲ್ಲಿ ಅದು ಅಷ್ಟರಮಟ್ಟಿಗೆ ನಿಜವೇ ಅನ್ನೋದರ ಬಗ್ಗೆ ತಜ್ಞರಲ್ಲಿ ಒಮ್ಮತ ಇಲ್ಲ. ಆದರೆ ನೀರು ನಿಂತ ಶ್ವಾಸಕೋಶ ಸುಮ್ಮನಿರಲ್ಲ ಅನ್ನೋದರಲ್ಲಿ ತಕರಾರಿಲ್ಲ.

ಇದನ್ನ ನಾನು ಇಷ್ಟು ಹಿಗ್ಗಿಸಿ ಬರೀತಿರೋದಕ್ಕೆ ಕಾರಣ ನಮ್ಮಜ್ಜಿ. ತಿಪಟೂರಿನಲ್ಲಿ ಮಾವನ ಮನೆಯಲ್ಲಿದ್ದರು, ಹೃದಯ ದುರ್ಬಲ ಅಂತ ಮಾತ್ರೆ ನಡೀತಿತ್ತು. ಎರಡನೇ ಅಲೆ ಮುಗಿದ ಮೇಲಿನ ಮಾತು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ ಅಂತ ಎದ್ದು ಕೂರ್ತಿದ್ದರು, ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು, ಕೊನೆಗೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡೋರು. ಮನೆಯಲ್ಲಿ ಆಕ್ಸಿಮೀಟರ್ ಇತ್ತಲ್ಲ, ಹಾಕಿದರೆ 96. 'ಏನೂ ಇಲ್ಲ ಕಣಮ್ಮ, ನೋಡು, 96 ಇದೆ, ಸುಮ್ನೆ ಗಾಬರಿ ಪಟ್ಕೋತೀಯ' ಅಂತ ಮಾವ. ಅಜ್ಜಿ ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: 'ಅದು ಬೆರಳಿಗೆ ಹಾಕೋದು ಕಣೋ, ನಂಗೆ ಕಟ್ಟೋದು ಎದೇಲಿ.' ಮೂರನೇ ದಿನ ಅವರನ್ನ ನೋಡುತ್ತಿದ್ದ ಡಾಕ್ಟರ್ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಎಷ್ಟು ದಿಂಬು ಹಾಕ್ಕೋತೀರಿ ಅಂತ ಕೇಳಿದರು, ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು, ಪಾದ ಒತ್ತಿ ನೋಡಿದರು, ಮೂತ್ರ ಹೆಚ್ಚಿಸಿ ನೀರು ತೆಗೆಯೋ ಇಂಜೆಕ್ಷನ್ ಕೊಟ್ಟರು. ಆ ರಾತ್ರಿ ಅಜ್ಜಿ ಒಂದೇ ದಿಂಬಿನ ಮೇಲೆ ನಿದ್ದೆ ಮಾಡಿದರು.

ರಕ್ತಕ್ಕೆ ಆಕ್ಸಿಜನ್ ಬೇಕಾದಷ್ಟು ಸಿಗ್ತಿದ್ದಾಗಲೂ ಶ್ವಾಸಕೋಶದ ಸಂದಿಯಲ್ಲಿ ನೀರು ಸೇರೋಕೆ ಶುರುವಾಗಿರಬಹುದು. ಆ ಹಂತದಲ್ಲಿ ಬೆರಳಿನ ಮೆಷಿನ್‌ಗೆ ಹೇಳೋಕೆ ಏನೂ ಇರಲ್ಲ. ಒಳಗಿನ ತೆಳು ಎಳೆಗಳಿಗೆ ಇರುತ್ತೆ. ಏದುಸಿರು, ಉಬ್ಬಸ, ದಮ್ಮು, ಮೇಲುಸಿರು ಅಂತ ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮಾತುಗಳಿವೆ ನೋಡಿ, ಎಲ್ಲವೂ ಒಂದೇ ಅಲ್ಲ, ಬೇರೆಬೇರೆ ಸುದ್ದಿಗಾರರು ಬೇರೆಬೇರೆ ದಾರಿಯಲ್ಲಿ ತರೋ ಸುದ್ದಿ. ಅರವತ್ತರ ದಶಕದಲ್ಲಿ ಲಂಡನ್ನಿನ ಅಬ್ರಹಾಂ ಗುಜ್ ಮತ್ತು ಸಂಗಡಿಗರು ಎಚ್ಚರವಾಗಿದ್ದ ಆರೋಗ್ಯವಂತ ಸ್ವಯಂಸೇವಕರಿಗೆ ಎರಡೂ ಕಡೆಯ ವೇಗಸ್ ನರವನ್ನ ಸ್ವಲ್ಪ ಹೊತ್ತು ಮರಗಟ್ಟಿಸಿ ನೋಡಿದ್ದರು. ಅಂಥವರು ಉಸಿರು ಬಿಗಿಹಿಡಿದರೆ ಒದ್ದಾಟ ಕಡಿಮೆ, ಹಿಡಿದಿಡೋ ಹೊತ್ತು ಹೆಚ್ಚು. ಸಂಕಟದ ಒಂದು ಭಾಗ ಆ ನರದಲ್ಲೇ ಬರ್ತಿತ್ತು. ಬ್ರಾಯರ್‌ನ 'ಸಾಕು' ಅನ್ನೋ ಮಾತು ಮಾತ್ರ ದೊಡ್ಡವರಲ್ಲಿ ಮೊಲ, ಬೆಕ್ಕುಗಳಷ್ಟು ಜೋರಾಗಿಲ್ಲ ಅಂತಲೂ ಅವರಿಗೆ ಕಂಡಿತು. ಸುಮ್ಮನೆ ಕೂತಾಗ ನಾವೆಳೆಯೋ ಅರ್ಧ ಲೀಟರ್ ಉಸಿರಿನಲ್ಲಿ ಅದರ ಪಾತ್ರ ಸಣ್ಣದು, ಒಂದು ಲೀಟರ್ ಹತ್ತಿರ ಹೋದಾಗ ಅದು ಬಾಯಿಬಿಡುತ್ತೆ. ನವಜಾತ ಶಿಶುಗಳಲ್ಲಿ ಬಲವಾಗಿದೆ.

ಪೈಂಟಲ್ 1981ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1986ರಿಂದ ಐಸಿಎಂಆರ್ ಮುಖ್ಯಸ್ಥರಾದರು, ವಿಜ್ಞಾನದಲ್ಲಿ ಕಳ್ಳಲೆಕ್ಕ ಬರೆಯೋರನ್ನ ಬಯಲಿಗೆಳೆಯೋಕೆ ಅಂತಲೇ ಒಂದು ಸಂಘ ಕಟ್ಟಿದರು, ಅದರಿಂದ ಸಾಕಷ್ಟು ಜನರಿಗೆ ಬೇಡವಾದರು ಅಂತ ಊಹಿಸೋಕೆ ಕಷ್ಟವಿಲ್ಲ. 2004ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಹಿಗ್ಗನ್ನ ವಿದ್ಯುತ್ತಾಗಿ ಮಾರ್ಪಡಿಸೋ ಅಣು ಯಾವುದು ಅನ್ನೋದು ಮಾತ್ರ ಬ್ರಾಯರ್ ಕಾಲದಿಂದ ಬಾಕಿ ಇತ್ತು. ಬೆಯ್‌ರೂತ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆರ್ಡೆಮ್ ಪಟಾಪೂಟಿಯನ್ ಅವರ ತಂಡ 2017ರಲ್ಲಿ ಅದನ್ನೂ ಹೇಳಿತು: ಪಿಯೆಜೊ2 ಅನ್ನೋ ಪ್ರೋಟೀನು, ನಮ್ಮ ಚರ್ಮಕ್ಕೆ ಮೆಲುಸ್ಪರ್ಶ ತಿಳಿಸೋದೂ ಅದೇ. ಸಂವೇದನಾ ನರಗಳಲ್ಲಿ ಈ ಪ್ರೋಟೀನು ಇಲ್ಲದೆ ಹುಟ್ಟಿದ ಇಲಿಮರಿಗಳ ಶ್ವಾಸಕೋಶ ಸರಿಯಾಗಿ ಅರಳಲೇ ಇಲ್ಲ, ಹುಟ್ಟಿದ ದಿನವೇ ಉಸಿರಿಗೆ ಒದ್ದಾಡಿ ಸತ್ತವು. ದೊಡ್ಡ ಇಲಿಗಳಲ್ಲಿ ಅದನ್ನ ತೆಗೆದರೆ ಬದುಕಿದವು, ಆದರೆ ಶ್ವಾಸಕೋಶ ಉಬ್ಬಿಸಿ ಹಿಡಿದರೂ ಉಸಿರೆಳೆಯೋದು ನಿಲ್ಲಿಸಲಿಲ್ಲ. ಪ್ರತಿ ಸಲವೂ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ತಿದ್ದವು, 1868ರಲ್ಲಿ ವಿಯೆನ್ನಾದ ಮೇಜಿನ ಮೇಲೆ ವೇಗಸ್ ಕತ್ತರಿಸಿಕೊಂಡು ಆಳವಾಗಿ ಉಸಿರಾಡ್ತಿದ್ದ ಪ್ರಾಣಿಗಳ ಹಾಗೆಯೇ.